ಊದುಬತ್ತಿಯೋ, ಪೆಪ್ಪರ್‌ಮಿಂಟ್ ಎಣ್ಣೆಯೋ, ಮೀಟರೋ: ನಮ್ಮ ಆರ್‌ವಿಯ ನಾತ ಹಿಡಿದದ್ದು ಯಾವುದು?

ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿಯಲ್ಲಿ ಡ್ರೈವರ್ ಪಕ್ಕದ ಕಿಟಕಿ ನಾಲ್ಕು ಬೆರಳು ಇಳಿಸಿದರೆ ಸಾಕು, ನಮ್ಮ 24 ಅಡಿಯ ಹಳೆಯ ಆರ್‌ವಿಯೊಳಗೆ, ಅಂದರೆ ಅಡುಗೆಮನೆ, ಕಕ್ಕಸು, ಹಾಸಿಗೆ ಎಲ್ಲ ಇರುವ ಓಡುವ ಮನೆಯೊಳಗೆ, ಗಬ್ಬು ನಾತ ಏಳುತ್ತಿತ್ತು. ಏರಿಸಿದರೆ ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತಿತ್ತು. ನಾನೂ ಹೆಂಡತಿಯೂ ಟಾಯ್ಲೆಟ್ಟನ್ನೇ ಅನುಮಾನಿಸಿದೆವು. ಮೂರು ತಿಂಗಳು ಕಕ್ಕಸಿನ ಕೊಳೆ ಸೇರುವ ಬ್ಲ್ಯಾಕ್ ಟ್ಯಾಂಕಿಗೆ ಬಗೆಬಗೆಯ ಎನ್‌ಜೈಮ್ ಪುಡಿ ಸುರಿದೆವು, ಕಮೋಡಿನ ರಬ್ಬರ್ ಸೀಲ್ ಬದಲಾಯಿಸಿದೆವು. ನಾತ ಇದ್ದ ಹಾಗೇ ಇತ್ತು. ಊರಿನಿಂದ ಬಂದಿದ್ದ ಅಮ್ಮ ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿ ಮೂಗು ಮುಚ್ಚಿಕೊಂಡು ಹೇಳಿದರು: "ಇದು ಕಕ್ಕಸಿನ ನಾತ ಅಲ್ಲ ಕಣೋ. ಬಚ್ಚಲ ಮೋರಿ ನಾತ."

ಆ ಒಂದು ಮಾತು ನಮ್ಮ ದಿಕ್ಕು ಬದಲಿಸಿತು. ಆರ್‌ವಿಯಲ್ಲಿ ಕಮೋಡಿನದ್ದು ಬ್ಲ್ಯಾಕ್ ಟ್ಯಾಂಕಿಗೆ, ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕಿಗೆ ಹೋಗುತ್ತದೆ. ಗ್ರೇ ಎಂದರೆ ಬರೀ ಸೋಪಿನ ನೀರು ತಾನೇ ಎಂದು ನಾವು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆದರೆ ನಮ್ಮ ಅಡುಗೆಮನೆಯಿಂದ ಅದರೊಳಗೆ ಹೋಗುವುದು ಹುಳಿಯ ತಳ, ಮಜ್ಜಿಗೆ, ಒಗ್ಗರಣೆಯ ಎಣ್ಣೆ ಜಿಡ್ಡು. ಅರಿಜೋನಾದ ಬಿಸಿಲಿಗೆ ಅದು ಗಾಳಿಯಿಲ್ಲದೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಎಂಬ ಕೊಳೆತ ಮೊಟ್ಟೆ ವಾಸನೆಯ ಅನಿಲ ಹುಟ್ಟುತ್ತದೆ. ಆ ನಾತ ಬ್ಲ್ಯಾಕ್ ಟ್ಯಾಂಕಿನದ್ದಕ್ಕಿಂತ ಕಡಿಮೆಯೇನಲ್ಲ.

ಟ್ಯಾಂಕಿನೊಳಗೆ ನಾತ ಇರುವುದು ಸಹಜ. ಹುಡುಕಬೇಕಾದದ್ದು ಅದು ಒಳಗೆ ನುಸುಳುವ ಕಂಡಿಯನ್ನು. ಓಡುವ ಗಾಡಿಯ ಕಿಟಕಿ ತೆರೆದರೆ ಒಳಗಿನ ಗಾಳಿಯ ಒತ್ತಡ ತುಸು ಇಳಿಯುತ್ತದೆ, ಆಗ ಸಿಕ್ಕ ಕಂಡಿಯಿಂದೆಲ್ಲ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಮನೆ ಮುಂದೆ ನಿಲ್ಲಿಸಿದ ಗಾಡಿಯಲ್ಲೂ ಮಾಡಬಹುದು. ಕಿಟಕಿ ಬಾಗಿಲೆಲ್ಲ ಮುಚ್ಚಿ, ಛಾವಣಿಯ ಫ್ಯಾನನ್ನು ಗಾಳಿ ಹೊರಗೆ ತಳ್ಳುವಂತೆ ಜೋರಾಗಿ ಓಡಿಸಿದೆವು. ಐದೇ ನಿಮಿಷಕ್ಕೆ ಹೆದ್ದಾರಿಯ ನಾತ ಬಂತು. ಮುಂದಿನ ಪರೀಕ್ಷೆಗಳನ್ನೆಲ್ಲ ಫ್ಯಾನ್ ಹೀಗೆ ಓಡುತ್ತಿರುವಾಗಲೇ ಮಾಡಿದ್ದು.

ಮೊದಲಿಗೆ ಮಾತ್ರ ಗಾಡಿಯ ಸಿಲಿಂಡರಿನ ಉರಿಯುವ ಅನಿಲ ಪ್ರೊಪೇನ್ ಸೋರುತ್ತಿದೆಯೇ ಎಂದು ನೋಡಲೇಬೇಕು. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಬೆರೆಸುವ ಮರ್ಕ್ಯಾಪ್ಟನ್ ಕೂಡ ಕೊಳೆತ ವಾಸನೆಯದೇ. ಗಾಳಿಗಿಂತ ಭಾರವಾದ ಪ್ರೊಪೇನ್ ನೆಲದ ಹತ್ತಿರ ಸೇರುತ್ತದೆ. ಅನುಮಾನ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು, ಸಿಲಿಂಡರ್ ಮುಚ್ಚಿ, ಜೋಡಣೆಗಳನ್ನು ಬಲ್ಲವರಿಂದ ಪರೀಕ್ಷಿಸಬೇಕು. ನಮ್ಮಲ್ಲಿ ಸೋಪಿನ ನೀರು ಹಚ್ಚಿ ನೋಡಿದಾಗ ಗುಳ್ಳೆ ಏಳಲಿಲ್ಲ. ಬ್ಯಾಟರಿ ಅತಿಯಾಗಿ ಚಾರ್ಜ್ ಆದರೂ ಇಂಥದ್ದೇ ನಾತ ಬರುತ್ತದೆ, ಅದೂ ಸರಿಯಾಗಿತ್ತು.

ಮೊದಲು ಕೊಂಡದ್ದು ಕೈಯಲ್ಲಿ ಹಿಡಿಯುವ ಎರಡು ಮೀಟರ್. ದುಡ್ಡು ಹೋದದ್ದೂ ಇದಕ್ಕೇ, ಬೇಸರ ತಂದದ್ದೂ ಇದೇ. ಹೈಡ್ರೋಜನ್ ಸಲ್ಫೈಡ್ ಅಳೆಯುವ ಮೀಟರ್ ಕಾರ್ಮಿಕರನ್ನು ವಿಷಗಾಳಿಯಿಂದ ಕಾಪಾಡಲು ಮಾಡಿದ್ದು. ಅದು ಎಣಿಸುವುದು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ, ಎರಡು ಭಾಗ ಎಂದು. ನಮ್ಮ ಮೂಗಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಮನೆಯವರೆಲ್ಲ ಮೂಗು ಮುಚ್ಚಿಕೊಂಡಿದ್ದಾಗಲೂ ಮೀಟರ್ ಸೊನ್ನೆ ತೋರಿಸುತ್ತಿತ್ತು. ಉರಿಯುವ ಅನಿಲ ಹುಡುಕುವ ಇನ್ನೊಂದು ಮೀಟರ್ ಹ್ಯಾಂಡ್ ಸ್ಯಾನಿಟೈಜರ್‌ಗೂ ಕೂಗಿತು. ಪ್ರೊಪೇನ್ ಕಾಯಲು ಅದನ್ನು ಇಟ್ಟುಕೊಂಡಿದ್ದೇನೆ. ಮೋರಿ ನಾತಕ್ಕೆ ಎರಡೂ ಬೇಡ.

ಆಮೇಲೆ ಪೆಪ್ಪರ್‌ಮಿಂಟ್ ಎಣ್ಣೆ. ಪ್ಲಂಬರ್‌ಗಳ ಹಳೆಯ ಉಪಾಯ ಇದು. ಟ್ಯಾಂಕಿನ ಗಾಳಿ ಹೊರಹೋಗಲು ಛಾವಣಿಯವರೆಗೆ ಇರುವ ವೆಂಟ್ ಪೈಪಿಗೆ ಎಣ್ಣೆ ಸುರಿದು, ಹಿಂದೆಯೇ ಬಿಸಿನೀರು ಹಾಕಬೇಕು. ಸುರಿದವರು ಒಳಗೆ ಬರಬಾರದು, ಅವರ ಕೈ ಬಟ್ಟೆಯೆಲ್ಲ ಅದೇ ಘಮ. ನಮ್ಮ ಗಾಡಿಯಲ್ಲಿ ಎರಡು ಟ್ಯಾಂಕಿಗೂ ಬೇರೆ ಬೇರೆ ವೆಂಟ್ ಇದೆ. ಮೊದಲ ದಿನ ಬ್ಲ್ಯಾಕ್ ವೆಂಟಿಗೆ ಸುರಿದೆ, ಒಳಗೆ ಕೂತಿದ್ದ ಹೆಂಡತಿಗೆ ಅರ್ಧ ಗಂಟೆಯಾದರೂ ಏನೂ ಬರಲಿಲ್ಲ. ಎರಡು ದಿನ ಬಿಟ್ಟು ಗ್ರೇ ವೆಂಟಿಗೆ ಸುರಿದೆ. ಮೂರು ನಿಮಿಷಕ್ಕೆ "ಬಂತು, ಬಂತು" ಎಂದು ಕೂಗಿದಳು. ಅಮ್ಮನ ಮಾತು ಖಚಿತವಾಯಿತು. ಆದರೆ ಎಲ್ಲಿಂದ ಬಂತು ಎಂದರೆ ಉತ್ತರವಿಲ್ಲ, ಅಷ್ಟು ಚಿಕ್ಕ ಜಾಗದಲ್ಲಿ ಘಮ ಕ್ಷಣದಲ್ಲಿ ಎಲ್ಲೆಡೆ ಹರಡಿತ್ತು. ಯಾವ ಟ್ಯಾಂಕ್ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಜಾಗ ಹುಡುಕಲು ಇದರಿಂದ ಆಗದು.

ಜಾಗ ಹಿಡಿದದ್ದು ಊದುಬತ್ತಿ. ಜ್ವಾಲೆ ಆರಿಸಿ, ಬರೀ ಹೊಗೆ ಬಿಡುವ ಒಂದೇ ಕಡ್ಡಿ. ಅಮ್ಮ ಪೂಜೆಗೆಂದು ತಂದಿದ್ದರು. ಪ್ರೊಪೇನ್ ಮುಚ್ಚಿದ್ದು ಖಾತರಿಯಾದ ಮೇಲೆಯೇ ಹಚ್ಚಿದ್ದು. ಮೋರಿ ಗಾಳಿಯಲ್ಲಿ ಬೆಂಕಿ ಹಿಡಿಯುವ ಮೀಥೇನ್ ಇರುವುದರಿಂದ ಟ್ಯಾಂಕಿನ ಬಾಯಿಗೆ, ಛಾವಣಿಯ ವೆಂಟಿಗೆ, ಪೈಪಿನ ಬಾಯಿಗೆ ಕೆಂಡ ಒಯ್ಯಲೇಬಾರದು. ಒಂದು ಗೇಣು ದೂರದಲ್ಲಿ ಹಿಡಿದರೆ ಹೊಗೆ ಯಾವ ಕಡೆ ಬಾಗುತ್ತದೆಂದು ಕಾಣುತ್ತದೆ, ಅಷ್ಟು ಸಾಕು. ಸ್ನಾನದ ಮೋರಿಯ ಬಳಿ ಹೊಗೆ ನೆಟ್ಟಗೆ ಏರಿತು. ಸಿಂಕಿನ ಬಳಿಯೂ ಹಾಗೇ. ಸಿಂಕಿನ ಕೆಳಗಿನ ಕಪಾಟು ತೆರೆದಾಗ ಮಾತ್ರ ಹೊಗೆ ಯಾರೋ ಊದಿದಂತೆ ನನ್ನ ಕಡೆ ವಾಲಿತು. ಅಲ್ಲಿತ್ತು ಏರ್ ಅಡ್ಮಿಟೆನ್ಸ್ ವಾಲ್ವ್ ಎಂಬ ಪ್ಲಾಸ್ಟಿಕ್ ಟೊಪ್ಪಿ. ಸಿಂಕಿನ ನೀರು ಸರಾಗ ಇಳಿಯಲೆಂದು ಪೈಪಿನೊಳಕ್ಕೆ ಗಾಳಿ ಬಿಡುವುದಷ್ಟೇ ಅದರ ಕೆಲಸ. ಒಳಗಿನ ಗಾಳಿಯನ್ನು ಅದು ಹೊರಗೆ ಬಿಡಕೂಡದು. ನಮ್ಮದರ ರಬ್ಬರ್ ಸೆಟೆದು ತೆರೆದೇ ನಿಂತಿತ್ತು.

ಇದಕ್ಕೆ ಜೊತೆಯಾಗಿ ಮಾಡಿದ್ದು ಪ್ಲಾಸ್ಟಿಕ್ ಚೀಲದ ಪರೀಕ್ಷೆ: ಅನುಮಾನದ ಒಂದೊಂದು ಬಾಯಿಗೂ ಚೀಲ ಕಟ್ಟಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬಿಚ್ಚಿ ಮೂಸುವುದು. ನಿಧಾನದ ಕೆಲಸ, ಆದರೆ ಖರ್ಚಿಲ್ಲ, ಬೆಂಕಿಯಿಲ್ಲ. ಮಕ್ಕಳಿರುವವರು ಇದರಿಂದಲೇ ಶುರುಮಾಡಲಿ ಎನ್ನುತ್ತೇನೆ. ಮೂಸುವವರು ಹೊರಗಿನಿಂದ ಆಗ ತಾನೇ ಬಂದವರಾಗಿರಬೇಕು. ಒಳಗೇ ಮಲಗಿದವರ ಮೂಗು ನಾತಕ್ಕೆ ಒಗ್ಗಿಹೋಗಿರುತ್ತದೆ. ವಾಲ್ವಿಗೆ ಕಟ್ಟಿದ್ದ ಚೀಲ ಬಿಚ್ಚಿದಾಗ ಎರಡನೆಯ ಅಭಿಪ್ರಾಯ ಬೇಕಾಗಲಿಲ್ಲ.

ಹೊಸ ವಾಲ್ವಿಗೆ ಹತ್ತು ಡಾಲರೂ ಆಗಲಿಲ್ಲ, ಕೈಯಲ್ಲೇ ತಿರುಗಿಸಿ ಹಾಕಿದೆ. ನಾತ ಬಹುಪಾಲು ಹೋಯಿತು. ಆದರೆ ಬೆಳಗಿನ ಹೊತ್ತು ಬಟ್ಟೆ ಕಪಾಟಿನಲ್ಲಿ ಮಾತ್ರ ಒಂದು ಎಳೆ ಉಳಿದಿತ್ತು. ಊದುಬತ್ತಿ, ಚೀಲ ಎರಡೂ ಅಲ್ಲಿ ಸೋತವು. ಕೊನೆಗೆ ಹೊಗೆ ಯಂತ್ರ ಇಟ್ಟುಕೊಂಡ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಎರಡು ಗಂಟೆಯ ಕೂಲಿ 280 ಡಾಲರ್. ಅವರು ಛಾವಣಿಯ ವೆಂಟ್ ಮುಚ್ಚಿ, ಗ್ರೇ ಟ್ಯಾಂಕಿಗೆ ಹೊಗೆ ತುಂಬಿದರು. ಕಪಾಟಿನ ಹಿಂದಿನ ಹಲಗೆಯ ಸಂದಿನಿಂದ ಬಿಳಿ ದಾರದಂತೆ ಹೊಗೆ ಬಂತು. ಹಲಗೆ ಬಿಚ್ಚಿದರೆ, ವೆಂಟ್ ಪೈಪು ಟ್ಯಾಂಕಿನೊಳಗೆ ಇಳಿಯುವಲ್ಲಿ ಇರುವ ರಬ್ಬರ್ ಬಳೆ ಒಂದು ಕಡೆ ಎದ್ದು ನಿಂತಿತ್ತು. ಗೋಡೆಯ ಹಿಂದಿನದ್ದನ್ನು ನಾವು ಯಾವತ್ತೂ ಕಾಣುತ್ತಿರಲಿಲ್ಲ. 280 ಡಾಲರ್ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅವರನ್ನೇ ಮೊದಲು ಕರೆಸಿದ್ದರೆ ಹತ್ತು ಡಾಲರಿನ ವಾಲ್ವಿಗೂ ಅಷ್ಟೇ ಕೊಡುತ್ತಿದ್ದೆ.

ಕಾಫಿ ಪುಡಿ, ಇದ್ದಿಲು, ಅಡುಗೆ ಸೋಡಾ ಇಟ್ಟು ನೋಡಿದ್ದೂ ಉಂಟು. ಅವು ನಾತವನ್ನು ಮುಚ್ಚುತ್ತವೆಯೇ ಹೊರತು ತೋರಿಸುವುದಿಲ್ಲ. ಹುಡುಕುವ ದಿನಗಳಲ್ಲಿ ಅವನ್ನೆಲ್ಲ ಹೊರಗಿಡಬೇಕು. ಬೇಸಿಗೆಯಲ್ಲಿ ವಾರಗಟ್ಟಲೆ ಗಾಡಿ ನಿಂತರೆ ಸ್ನಾನದ ಮೋರಿಯ ಪಿ-ಟ್ರ್ಯಾಪ್ ಎಂಬ ಬಾಗಿದ ಪೈಪಿನಲ್ಲಿ ನಿಂತು ನಾತ ತಡೆಯುವ ನೀರು ಆರುತ್ತದೆ, ಹೊರಡುವ ಮುಂಚೆ ಒಂದು ಚೊಂಬು ನೀರು ಸುರಿಯುವುದನ್ನು ಈಗ ತಪ್ಪಿಸುವುದಿಲ್ಲ.

ರಬ್ಬರ್ ಬಳೆ ಬದಲಾಯಿಸಿದ ಮರುದಿನ ಬೆಳಿಗ್ಗೆ ಬಟ್ಟೆ ಕಪಾಟು ತೆರೆದೆ. ಅಮ್ಮ ಊರಿಗೆ ಹೊರಡುವ ಮುಂಚೆ ಬಟ್ಟೆಗಳ ನಡುವೆ ಇಟ್ಟು ಹೋಗಿದ್ದ ಲಾವಂಚದ ಘಮ ಅವತ್ತೇ ಮೊದಲು ಬಂದದ್ದು.