ಜನಗಣತಿಯ ಸಿ-20 ಕೋಷ್ಟಕ: ಮಂದದೃಷ್ಟಿಯ ಲೆಕ್ಕಕ್ಕೆ ಎಷ್ಟು ಉಪಯೋಗ?

ಮಂದದೃಷ್ಟಿ, ಅಂದರೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣದ ತೊಂದರೆ ಇರುವವರಿಗೆ ಭೂತಗನ್ನಡಿ ಹಂಚುವ ಸಣ್ಣ ತಂಡ ನಮ್ಮದು. ಎಷ್ಟು ಜನಕ್ಕೆ ಬೇಕಾಗಬಹುದು ಅಂತ ಅಂದಾಜು ಮಾಡಲು ನಾನು ಮೊದಲು ತೆರೆಯುವುದು 2011ರ ಜನಗಣತಿಯ ಸಿ-20 ಕೋಷ್ಟಕ. ಯಾವ ಬಗೆಯ ಅಂಗವೈಕಲ್ಯ ಎಷ್ಟು ಜನಕ್ಕೆ ಇದೆ ಅನ್ನುವ ಲೆಕ್ಕ ಇದರಲ್ಲಿದೆ. ದುಡ್ಡು ಕೊಡಬೇಕಿಲ್ಲ, ಎಕ್ಸೆಲ್ ಫೈಲೇ ಸಿಗುತ್ತದೆ. ಜಿಲ್ಲೆ, ವಯಸ್ಸು, ಗಂಡು-ಹೆಣ್ಣು ಎಲ್ಲ ಬೇರೆ ಬೇರೆ. ತುಂಬಾ ಅನುಕೂಲ.

ಆದರೆ ಸಂಖ್ಯೆಯನ್ನು ಸುಮ್ನೆ ಹಾಗೇ ನಂಬಬೇಡಿ. ದೇಶದಲ್ಲಿ ದೃಷ್ಟಿ ತೊಂದರೆ ಇರುವವರು 2001ರ ಜನಗಣತಿಯಲ್ಲಿ ಸುಮಾರು 1.06 ಕೋಟಿ, 2011ರಲ್ಲಿ ಸುಮಾರು 50 ಲಕ್ಷ! ಎಣಿಸುವ ರೀತಿಯೇ ಬದಲಾಗಿತ್ತು. ಒಂದೇ ಕಣ್ಣು ಕಾಣುವವರನ್ನು 2011ರಲ್ಲಿ ಸೇರಿಸಲಿಲ್ಲ. ಮಂಜಾಗಿ ಕಾಣುತ್ತದೆ ಅಂದವರಿಗೆ ಹತ್ತು ಅಡಿ ದೂರದ ಬೆರಳು ಎಣಿಸುವ ಪರೀಕ್ಷೆ ಬಂತು. ಬೆರಳು ಎಣಿಸಿ ಲೆಕ್ಕದಿಂದ ಹೊರಗುಳಿದವರಿಗೂ ಬಸ್ಸಿನ ಬೋರ್ಡು ಓದಲು ಆಗದೇ ಇರಬಹುದು, ಅಲ್ವಾ?

ಅದಕ್ಕೇ 2015-19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಕಣ್ಣನ್ನೇ ಪರೀಕ್ಷಿಸಿ ಅಳೆದಿದ್ದಾರೆ. 50 ದಾಟಿದವರಲ್ಲಿ ಶೇ. 13.76 ಮಂದಿಗೆ ದೃಷ್ಟಿದೋಷ. ಕನ್ನಡಕ ಅಥವಾ ಪೊರೆ ಆಪರೇಷನ್‌ನಿಂದ ಸರಿಹೋಗುವವರೂ ಇದರಲ್ಲಿ ಇದ್ದಾರೆ, ಹಾಗಾಗಿ ಭೂತಗನ್ನಡಿಯ ಲೆಕ್ಕಕ್ಕೆ ಇದು ಜಾಸ್ತಿಯೇ. ಸಮೀಕ್ಷೆ ನಡೆದದ್ದು ಇಡೀ ದೇಶದ 31 ಜಿಲ್ಲೆಗಳಲ್ಲಿ ಮಾತ್ರ.

ಸಿ-20ಕ್ಕೆ ನಾನು ಐದಕ್ಕೆ ಮೂರು ಕೊಡುತ್ತೇನೆ. ಯಾವ ಜಿಲ್ಲೆಗೆ ಮೊದಲು ಹೋಗಬೇಕು ಅಂತ ನೋಡಲು ಬಳಸಿ. ಎಷ್ಟು ಭೂತಗನ್ನಡಿ ಕೊಳ್ಳಬೇಕು ಅನ್ನುವುದಕ್ಕೆ ಇದೊಂದನ್ನೇ ನೆಚ್ಚಬೇಡಿ.