-98 ಎಂಬ ಉತ್ತರ: ಜರ್ಮನ್ ಮತದಾರರ ಸಮೀಕ್ಷೆಯನ್ನು ನಾಲ್ಕು ವರ್ಷ ಬಳಸಿದ ಮೇಲೆ

ನಾನು ಜರ್ಮನಿಯ ಮ್ಯಾನ್‌ಹೈಮ್‌ಗೆ ಬಂದಿಳಿದದ್ದು 2021ರ ಸೆಪ್ಟೆಂಬರ್‌ನಲ್ಲಿ. ರಸ್ತೆಯ ಪ್ರತಿಯೊಂದು ದೀಪದ ಕಂಬಕ್ಕೂ ಮೂರು ನಾಲ್ಕು ಪಕ್ಷಗಳ ಭಿತ್ತಿಪತ್ರಗಳು ಒಂದರ ಮೇಲೊಂದು ಕಟ್ಟಿದ್ದವು. ಭಾಷೆ ಅರ್ಧಂಬರ್ಧ ಬರುತ್ತಿದ್ದ ನನಗೆ ಆ ಮುಖಗಳನ್ನು ನೋಡಿದರೆ ಇಲ್ಲಿನ ಜನರ ಮನಸ್ಸು ಏನೂ ತಿಳಿಯುತ್ತಿರಲಿಲ್ಲ. ತಿಳಿಯತೊಡಗಿದ್ದು ಆಮೇಲೆ, ಗ್ಲೆಸ್ ಎಂಬ ಸಮೀಕ್ಷೆಯ ಫೈಲುಗಳನ್ನು ತೆರೆದ ಮೇಲೆ. ಬಿಡಿಸಿ ಹೇಳುವುದಾದರೆ ಅದು ಜರ್ಮನ್ ದೀರ್ಘಾವಧಿ ಚುನಾವಣಾ ಅಧ್ಯಯನ. 2009ರ ಬುಂಡೆಸ್ಟಾಗ್, ಅಂದರೆ ಜರ್ಮನ್ ಸಂಸತ್ತಿನ ಚುನಾವಣೆಯಿಂದ ಶುರುವಾಗಿ ಪ್ರತಿ ಚುನಾವಣೆಯಲ್ಲೂ ನಡೆದುಕೊಂಡು ಬಂದಿದೆ. ನಾಲ್ಕು ವರ್ಷದಿಂದ ನನ್ನ ಕೆಲಸದ ದಿನದ ಬಹುಪಾಲು ಇದರ ಜೊತೆಗೇ ಕಳೆದಿದೆ. ಮತದಾರರ ಬಗ್ಗೆ ಕೆಲಸ ಮಾಡಬೇಕೆಂದಿರುವವರು ನನ್ನನ್ನು ಆಗಾಗ ವಿಚಾರಿಸುತ್ತಾರೆ. ಅವರಿಗಾಗಿ ಈ ಬರಹ.

ಪಡೆಯುವುದು ಸುಲಭ. ಕಲೋನ್ ಮತ್ತು ಮ್ಯಾನ್‌ಹೈಮ್‌ಗಳಲ್ಲಿರುವ ಗೆಸಿಸ್ ಸಂಸ್ಥೆಯ ದತ್ತಾಂಶ ಸಂಗ್ರಹದಲ್ಲಿ ಖಾತೆ ತೆರೆದು, ಯಾವ ಉದ್ದೇಶಕ್ಕೆ ಬೇಕು ಎಂದು ತಿಳಿಸಿದರೆ ಸಾಕು, ಫೈಲು ಇಳಿಸಿಕೊಳ್ಳಬಹುದು. ಸಂಶೋಧನೆಗೂ ಬೋಧನೆಗೂ ಶುಲ್ಕವಿಲ್ಲ. ಪ್ರತಿ ಸಮೀಕ್ಷೆಗೂ ಝಡ್ಎ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಆ ಎರಡಕ್ಷರ 1960ರಲ್ಲಿ ಕಲೋನ್‌ನಲ್ಲಿ ಹುಟ್ಟಿದ ಕೇಂದ್ರೀಯ ಸಂಗ್ರಹಾಲಯದ ಜರ್ಮನ್ ಹೆಸರಿನಿಂದ ಉಳಿದುಬಂದದ್ದು. ಹೆಸರುಗಳೆಲ್ಲ ಒಂದೇ ಥರ ಇರುವುದರಿಂದ ಈ ಸಂಖ್ಯೆಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಫೈಲಿನ ಜೊತೆಗೆ ಪ್ರಶ್ನಾವಳಿಯೂ, ಯಾವ ಅಂಕಿಗೆ ಯಾವ ಉತ್ತರ ಎಂದು ತಿಳಿಸುವ ಕೋಡ್‌ಬುಕ್ಕೂ ಸಿಗುತ್ತವೆ. ಎಷ್ಟೇ ಅವಸರವಿದ್ದರೂ ಇವೆರಡನ್ನು ಓದದೆ ಅಂಕಿಗಳನ್ನು ಮುಟ್ಟಬೇಡಿ.

ಮೊದಲ ತಿಂಗಳು ನಾನು ಓದದೆ ಮುಟ್ಟಿದ್ದೆ. ಎಡ–ಬಲ ಎಂಬ ಪ್ರಶ್ನೆ ಇದೆ: ರಾಜಕೀಯದಲ್ಲಿ ನೀವು ನಿಮ್ಮನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಕೇಳಿ 1 (ಎಡ)ರಿಂದ 11 (ಬಲ)ರವರೆಗಿನ ಅಳತೆಯಲ್ಲಿ ಉತ್ತರ ಪಡೆಯುತ್ತಾರೆ. ವಯಸ್ಸಿನ ಗುಂಪುಗಳಾಗಿ ವಿಂಗಡಿಸಿ ಸರಾಸರಿ ತೆಗೆದೆ. ಒಂದು ಗುಂಪಿನ ಸರಾಸರಿ ಸೊನ್ನೆಗಿಂತ ಕೆಳಗೆ ಬಂತು. 1ಕ್ಕಿಂತ ಕಡಿಮೆ ಅಂಕಿಯೇ ಇಲ್ಲದ ಅಳತೆಯಲ್ಲಿ ಅದು ಹೇಗೆ ಸಾಧ್ಯ? ಕೋಡ್‌ಬುಕ್ ತೆರೆದಾಗ ಕಂಡಿತು: -97 ಎಂದರೆ ಈ ಪ್ರಶ್ನೆ ಅವರಿಗೆ ಅನ್ವಯಿಸುವುದಿಲ್ಲ, -98 ಎಂದರೆ ಗೊತ್ತಿಲ್ಲ ಎಂದರು, -99 ಎಂದರೆ ಉತ್ತರ ಕೊಡಲಿಲ್ಲ. ನಾನು ಅವನ್ನೂ ಕೂಡಿಸಿ ಭಾಗಿಸಿದ್ದೆ. ಅವನ್ನು ತೆಗೆದುಹಾಕಿದೆ, ಸರಾಸರಿ ಸರಿಯಾಯಿತು. ಆದರೆ ಅಂದು ಸಂಜೆ ಮನೆಗೆ ನಡೆದು ಹೋಗುವಾಗ ತೆಗೆದುಹಾಕಿದ ಸಾಲುಗಳೇ ತಲೆಯಲ್ಲಿದ್ದವು. ಎಡವೋ ಬಲವೋ ಗೊತ್ತಿಲ್ಲ ಎಂದವರು ಯಾರು? ಮರುದಿನ ಸರಾಸರಿಯನ್ನು ಬದಿಗಿಟ್ಟು -98 ಎಂದವರನ್ನು ಮಾತ್ರ ಹೊರತೆಗೆದು ನೋಡಿದೆ. ನನ್ನ ಸಂಶೋಧನೆ ನಿಜವಾಗಿ ಶುರುವಾದದ್ದು ಅಲ್ಲಿಂದ.

ಈ ಅಧ್ಯಯನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಇದನ್ನೇ. ಗೊತ್ತಿಲ್ಲ ಎನ್ನುವುದು ಬೇರೆ, ಹೇಳಲು ಇಷ್ಟವಿಲ್ಲ ಎನ್ನುವುದು ಬೇರೆ, ಕೇಳಲೇ ಇಲ್ಲ ಎನ್ನುವುದು ಬೇರೆ. ಪತ್ರಿಕೆಯ ಮುಖಪುಟಕ್ಕೆ ಬರುವ ‘ಭಾನುವಾರದ ಪ್ರಶ್ನೆ’ಯಲ್ಲಿ, ಅಂದರೆ ಬರುವ ಭಾನುವಾರ ಚುನಾವಣೆ ನಡೆದರೆ ಯಾರಿಗೆ ಮತ ಹಾಕುತ್ತೀರಿ ಎಂಬ ಪ್ರಶ್ನೆಯ ಕಂಬಚಿತ್ರದಲ್ಲಿ, ಈ ಮೂವರೂ ಕಾಣುವುದಿಲ್ಲ. ಪಕ್ಷದ ಹೆಸರು ಹೇಳಿದವರನ್ನಷ್ಟೇ ನೂರು ಎಂದು ಹಿಡಿದು ಪಾಲು ಹಂಚಿರುತ್ತಾರೆ. ಗ್ಲೆಸ್‌ನಲ್ಲಿ ಹಿಂಜರಿದವರಿಗೂ ತಮ್ಮದೇ ಒಂದು ಸಾಲಿದೆ.

ಪ್ರಶ್ನೆಗಳ ಮಾತುಗಾರಿಕೆಯೂ ಹಾಗೆಯೇ, ಬಹಳ ಎಚ್ಚರದ್ದು. ಪಕ್ಷನಿಷ್ಠೆಯನ್ನು ಕೇಳುವ ರೀತಿ ನೋಡಿ. ‘ನೀವು ಯಾವ ಪಕ್ಷದವರು’ ಎಂದು ನೇರವಾಗಿ ಕೇಳುವುದಿಲ್ಲ. ಬಹಳ ಜನ ಆಗೊಮ್ಮೆ ಈಗೊಮ್ಮೆ ಬೇರೆ ಪಕ್ಷಕ್ಕೆ ಮತ ಹಾಕಿದರೂ ದೀರ್ಘಕಾಲ ಒಂದು ಪಕ್ಷದ ಕಡೆ ವಾಲಿರುತ್ತಾರೆ, ನಿಮ್ಮದು ಹೇಗೆ ಎಂದು ಕೇಳುತ್ತಾರೆ. ಬೇರೆಯವರಿಗೆ ಮತ ಹಾಕಿದ್ದನ್ನು ಒಪ್ಪಿಕೊಳ್ಳಲು ಮೊದಲೇ ಜಾಗ ಮಾಡಿಕೊಟ್ಟಂತಾಯಿತು. ಜರ್ಮನ್‌ನಲ್ಲಿ ಅಲ್ಲಿ ಬಳಸಿರುವ ಕ್ರಿಯಾಪದ ‘ನೈಗೆನ್’. ಅದಕ್ಕೆ ‘ಒಲವು’ ಎಂಬ ನಮ್ಮ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ! ವಾಲುವುದೂ ಅದರಲ್ಲಿದೆ, ಪ್ರೀತಿಯೂ ಇದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಚರಾಂಶಕ್ಕೆ, ಅಂದರೆ ಫೈಲಿನಲ್ಲಿ ಆ ಪ್ರಶ್ನೆಯ ಕಾಲಂಗೆ, ಇಂದಿಗೂ ಒಲವು ಎಂದೇ ಹೆಸರು.

ಅಧ್ಯಯನದಲ್ಲಿ ಹಲವು ಭಾಗಗಳಿವೆ: ಚುನಾವಣೆಗೆ ಮುಂಚೆ ಮತ್ತು ನಂತರದ ದೊಡ್ಡ ಸಮೀಕ್ಷೆ, ಅದೇ ಜನರನ್ನು ಮತ್ತೆ ಮತ್ತೆ ಕೇಳುವ ಪ್ಯಾನೆಲ್‌ಗಳು, ಅಭ್ಯರ್ಥಿಗಳ ಸಮೀಕ್ಷೆ ಇತ್ಯಾದಿ. ನನಗೆ ಹತ್ತಿರವಾದದ್ದು ಪ್ರಚಾರದ ದಿನಗಳಲ್ಲಿ ದಿನವೂ ನಡೆಯುವ ದೂರವಾಣಿ ಸಮೀಕ್ಷೆ. ದಿನಕ್ಕೆ ಸುಮಾರು ನೂರು ಜನರನ್ನು ಮಾತನಾಡಿಸುತ್ತಾರೆ. ದೂರವಾಣಿ ಸಂಖ್ಯೆಗಳನ್ನು ಕಂತು ಕಂತಾಗಿ ಬಿಡುಗಡೆ ಮಾಡಿ, ಪ್ರತಿ ಕಂತಿಗೂ ಒಂದೇ ನಿಯಮದಂತೆ ಹಲವು ದಿನ ಕರೆ ಮಾಡುವುದರಿಂದ, ಮೊದಲ ಕರೆಗೇ ಸಿಗುವವರು, ಹತ್ತು ಸಲ ಮಾಡಿದ ಮೇಲೆ ಸಿಗುವವರು ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆರೆಯುತ್ತಾರೆ. ಹಾಗಾಗಿ ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಕಂಡರೆ ನಡುವೆ ಏನು ನಡೆಯಿತು ಎಂದು ಹುಡುಕುವುದಕ್ಕೆ ಅರ್ಥವಿದೆ. 2021ರಲ್ಲಿ ಆಗಸ್ಟ್ 29, ಸೆಪ್ಟೆಂಬರ್ 12 ಮತ್ತು 19ರಂದು ಸರ್ಕಾರದ ಮುಖ್ಯಸ್ಥರಾದ ಚಾನ್ಸೆಲರ್ ಹುದ್ದೆಯ ಅಭ್ಯರ್ಥಿಗಳಾದ ಗ್ರೀನ್ ಪಕ್ಷದ ಬೇರ್‌ಬಾಕ್, ಸಿಡಿಯು–ಸಿಎಸ್‌ಯು ಮೈತ್ರಿಯ ಲಾಶೆಟ್, ಎಸ್‌ಪಿಡಿ ಪಕ್ಷದ ಶೋಲ್ಟ್ಸ್ ಮೂವರೂ ಟಿವಿಯಲ್ಲಿ ಚರ್ಚೆಗೆ ನಿಂತರು. ಆ ಆಗಸ್ಟ್ ಕೊನೆಯ ಹೊತ್ತಿಗೆ ಎಸ್‌ಪಿಡಿ ಸಮೀಕ್ಷೆಗಳಲ್ಲಿ ಸಿಡಿಯು–ಸಿಎಸ್‌ಯುವನ್ನು ಹಿಂದಿಕ್ಕಿತು. ಇಂಥ ತಿರುವನ್ನು ದಿನದ ಲೆಕ್ಕದಲ್ಲಿ ನೋಡಲು ಆಗುವುದು ಇಲ್ಲಿ. ಇನ್ನೂ ದೊಡ್ಡ ಅನುಕೂಲವೆಂದರೆ, ಚುನಾವಣೆ ಮುಗಿದ ಮೇಲೆ ಅದೇ ಜನರಿಗೆ ಮತ್ತೆ ಕರೆ ಮಾಡಿ ಕೊನೆಗೆ ಯಾರಿಗೆ ಹಾಕಿದಿರಿ ಎಂದು ಕೇಳುತ್ತಾರೆ. ಮೊದಲ ಸಲ -98 ಎಂದವರ ಸಾಲಿನಲ್ಲಿ ಬಲಕ್ಕೆ ಸರಿಯುತ್ತಾ ಹೋದರೆ ಎರಡನೇ ಸಲದ ಉತ್ತರ ಸಿಗುತ್ತದೆ. ಆ ಎರಡು ಕಾಲಂಗಳ ನಡುವೆ ಒಬ್ಬ ಮನುಷ್ಯ ತೀರ್ಮಾನಕ್ಕೆ ಬಂದಿರುತ್ತಾನೆ.

ಇನ್ನು ಎಚ್ಚರಿಕೆಯ ಮಾತುಗಳು. ಪಕ್ಷಗಳ ಕೋಡ್‌ಗಳು ಬರೀ ಹೆಸರಿನ ಚೀಟಿಗಳು, ಅಳತೆಯಲ್ಲ: ಎಸ್‌ಪಿಡಿಗೆ 4, ಎಫ್‌ಡಿಪಿಗೆ 5, ಗ್ರೀನ್ ಪಕ್ಷಕ್ಕೆ 6, ಲಿಂಕೆಗೆ 7, ಎಎಫ್‌ಡಿಗೆ 322. ಪಕ್ಷಗಳ ಬಗ್ಗೆ ಮೆಚ್ಚುಗೆ ಕೇಳುವ ಅಳತೆ ಉತ್ತರಿಸುವವರ ಮುಂದೆ -5ರಿಂದ +5ರವರೆಗೆ ಇದ್ದರೂ ಫೈಲಿನಲ್ಲಿ 1ರಿಂದ 11 ಎಂದು ಕುಳಿತಿರುತ್ತದೆ. 6 ಎಂದರೆ ಅಲ್ಲಿ ಸೊನ್ನೆ. ಪೂರ್ವ ಜರ್ಮನಿಯವರನ್ನು ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿಯೇ ಮಾತನಾಡಿಸುತ್ತಾರೆ. ಆ ಭಾಗವನ್ನು ಪ್ರತ್ಯೇಕವಾಗಿ ವಿಶ್ಲೇಷಿಸಲು ಇದು ಬೇಕೇ ಬೇಕು. ಆದರೆ ಇಡೀ ದೇಶದ ಲೆಕ್ಕ ಹೇಳುವಾಗ ಪ್ರತಿಯೊಬ್ಬರ ಉತ್ತರವನ್ನು ಎಷ್ಟೆಂದು ಎಣಿಸಬೇಕು ಎನ್ನುವ, ಫೈಲಿನಲ್ಲೇ ಕೊಟ್ಟಿರುವ ತೂಕಗಳನ್ನು ಹಾಕದಿದ್ದರೆ, ಪೂರ್ವದಲ್ಲಿ ಬಲವಾಗಿರುವ ಪಕ್ಷಗಳು ದೇಶದುದ್ದಕ್ಕೂ ಉಬ್ಬಿ ಕಾಣುತ್ತವೆ. ಮತ ಹಾಕಿದೆವು ಎನ್ನುವವರ ಪಾಲು ಎಲ್ಲ ಸಮೀಕ್ಷೆಗಳಂತೆ ಇಲ್ಲೂ ನಿಜಕ್ಕಿಂತ ಹೆಚ್ಚು. 2017ರ ಅಧಿಕೃತ ಮತದಾನ 76.2 ಶೇಕಡಾ. ನಿಮ್ಮ ಕೋಷ್ಟಕದಲ್ಲಿ ಅದಕ್ಕಿಂತ ಬಹಳ ಹೆಚ್ಚು ಬಂದರೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. ಮತ ಹಾಕದವರು ಸಮೀಕ್ಷೆಗೂ ಸಿಗುವುದು ಕಡಿಮೆ, ಸಿಕ್ಕವರಲ್ಲಿ ಕೆಲವರು ಹಾಕಲಿಲ್ಲ ಎಂದು ಹೇಳಲು ಹಿಂಜರಿಯುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು 2021ರ ಬದಲಾವಣೆಯನ್ನು. ಅದುವರೆಗೆ ದೊಡ್ಡ ಸಮೀಕ್ಷೆಗೆ ಸಂದರ್ಶಕರು ಮನೆಗೆ ಹೋಗಿ, ಎದುರು ಕುಳಿತು ಕೇಳುತ್ತಿದ್ದರು. ಕೊರೊನಾದಿಂದ ಅದು ಆಗದೆ, ಜನರೇ ಆನ್‌ಲೈನ್‌ನಲ್ಲೋ ಕಾಗದದ ಮೇಲೋ ತುಂಬಿ ಕಳುಹಿಸಿದರು. ಅಡುಗೆಮನೆಯ ಮೇಜಿನ ಆಚೆ ಒಬ್ಬರು ಕುಳಿತು ಕೇಳಿದಾಗ ಕೊಡುವ ಉತ್ತರವೂ ಒಬ್ಬರೇ ಕುಳಿತು ಗುರುತು ಹಾಕುವ ಉತ್ತರವೂ ಒಂದೇ ಆಗಿರುವುದಿಲ್ಲ. ಆದ್ದರಿಂದ 2017ರಿಂದ 2021ಕ್ಕೆ ಜನರ ನಂಬಿಕೆ ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ಬರೆಯುವ ಮೊದಲು ನಾನು ಕೈ ತಡೆದುಕೊಳ್ಳುತ್ತೇನೆ. ಬೇರೆ ದಾರಿ ಇರಲಿಲ್ಲ, ನಿಜ. ಆದರೂ ಅಷ್ಟು ಉದ್ದದ ದಾರದಲ್ಲಿ ಅಲ್ಲೊಂದು ಗಂಟು ಬಿದ್ದಿರುವುದು ನನಗೆ ಬೇಸರದ ವಿಷಯ.

ದೊಡ್ಡ ಸಮೀಕ್ಷೆ 16 ವರ್ಷ ತುಂಬಿದ ಜರ್ಮನ್ ನಾಗರಿಕರದ್ದು. ನನ್ನಂತೆ ಇಲ್ಲಿ ದುಡಿದು ತೆರಿಗೆ ಕಟ್ಟುವ ವಿದೇಶಿಯರು ಅದರೊಳಗಿಲ್ಲ. ಮತದಾರರ ಅಧ್ಯಯನವಾದ್ದರಿಂದ ಅದು ನ್ಯಾಯವೇ. ಆದರೆ ‘ಜರ್ಮನಿಯ ಜನ’ ಎಂದು ಬರೆಯುವ ಕಡೆ ‘ಜರ್ಮನ್ ನಾಗರಿಕರು’ ಎಂದು ತಿದ್ದಿಕೊಳ್ಳಿ.

ಕಳೆದ ಚುನಾವಣೆ ನಡೆದದ್ದು 2025ರ ಫೆಬ್ರವರಿ 23ರಂದು. ಮತದಾನ 82.5 ಶೇಕಡಾ ಮುಟ್ಟಿತ್ತು. ಅಂದು ಸಂಜೆ ಮೆಟ್ಟಿಲಲ್ಲಿ ಕೆಳಗಿನ ಮನೆಯ ಹಿರಿಯ ಮಹಿಳೆ ಸಿಕ್ಕರು. ನಿವೃತ್ತ ದಾದಿ, ತಪ್ಪದೆ ಮತ ಹಾಕುವವರು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ, ಇಲ್ಲಿ ಹಾಗೆ ಕೇಳುವುದಿಲ್ಲ. ಅವರೇ ಹೇಳಿದರು: ‘ಪೆನ್ಸಿಲ್ ಕೈಗೆ ತೆಗೆದುಕೊಂಡ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ನಲವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.’ ಚುನಾವಣೆಯ ನಂತರದ ಪ್ರಶ್ನಾವಳಿಯಲ್ಲಿ ಯಾರಿಗೆ ಮತ ಹಾಕಬೇಕೆಂದು ಯಾವಾಗ ನಿರ್ಧರಿಸಿದಿರಿ ಎಂಬ ಪ್ರಶ್ನೆ ಇದೆ. ಬಹಳ ಮುಂಚೆಯೇ ಎನ್ನುವುದರಿಂದ ಮತದಾನದ ದಿನವೇ ಎನ್ನುವವರೆಗೂ ಅದಕ್ಕೆ ಉತ್ತರಗಳಿವೆ. ಹೊಸದಾಗಿ ಶುರುಮಾಡುವವರಿಗೆ ಆ ಚರಾಂಶವನ್ನೇ ಮೊದಲು ತೆರೆಯಿರಿ ಎನ್ನುತ್ತೇನೆ. ಚುನಾವಣೆಗೆ ಮುಂಚಿನ ಮತ್ತು ನಂತರದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಫೈಲನ್ನು ಇಳಿಸಿಕೊಳ್ಳಿ, 2017ರದ್ದಾದರೆ ಝಡ್ಎ6802. ತೂಕ ಹಾಕಿ, ಋಣ ಸಂಖ್ಯೆಗಳನ್ನು ಬೇರೆ ಮಾಡಿ, ಆದರೆ ಅಳಿಸಬೇಡಿ.