ಬ್ರಿಟನ್ನಾ, ಅಮೆರಿಕಾನಾ? ನರ್ಸ್ ಲೈಸೆನ್ಸ್ ಲೆಕ್ಕಾಚಾರ

ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಲ್ಲೇ ಬರೆಯಬಹುದು. ನಿಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ 85 ಪ್ರಶ್ನೆಗೇ ನಿಲ್ಲಿಸಬಹುದು, 150ರವರೆಗೂ ಎಳೆಯಬಹುದು. ಬೇಗ ನಿಂತರೆ ಗಾಬರಿ ಬೇಡ, ಪಾಸಾದವರಿಗೂ ಹಾಗಾಗುತ್ತದೆ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡು. ಅದು ಕೈಗೆ ಬಂದರೂ ವೀಸಾಗೆ ವರ್ಷಗಟ್ಟಲೆ ಕಾಯಬೇಕಾದೀತು.

ಬ್ರಿಟನ್ನಿನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ ಇಡೀ ದೇಶಕ್ಕೆ ಒಂದೇ, ಎನ್‌ಎಂಸಿ. ಕಂಪ್ಯೂಟರ್ ಪರೀಕ್ಷೆ ಇಲ್ಲೇ ಮುಗಿಯುತ್ತದೆ. ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆಗೆ ಮಾತ್ರ ಅಲ್ಲಿಗೇ ಹೋಗಬೇಕು, ಅದರಲ್ಲಿ 10 ಸ್ಟೇಷನ್, ಅಂದರೆ ಒಂದಾದ ಮೇಲೊಂದು ಬರುವ ಪರೀಕ್ಷೆಯ ಹಂತಗಳು. ಕೈ ತೊಳೆದಿರಾ, ರೋಗಿಯ ಹೆಸರು, ಹುಟ್ಟಿದ ದಿನಾಂಕ ಕೇಳಿ ಕೈಪಟ್ಟಿಯ ಜೊತೆ ತಾಳೆ ನೋಡಿದಿರಾ, ಎಲ್ಲಕ್ಕೂ ಕಣ್ಣಿಟ್ಟಿರುತ್ತಾರೆ. ವಾರ್ಡಿನಲ್ಲಿ ನಾವು ಸುಮ್ನೆ ಮಾಡಿಬಿಡುವುದನ್ನು ಅಲ್ಲಿ ಬಾಯಿಬಿಟ್ಟು ಹೇಳುತ್ತ ಮಾಡಬೇಕು.

ಕಾಯುವ ತಾಳ್ಮೆಯಿದ್ದರೆ ಅಮೆರಿಕ, ಸಂಬಳ ಜಾಸ್ತಿ. ಕೈಯಲ್ಲಿ ಕೆಲಸದ ಆಫರ್ ಇದ್ದರೆ ನನ್ನ ಓಟು ಬ್ರಿಟನ್ನಿಗೆ.